ಎರಡನೆಯ ವಯಃಸಂಧಿ

ಹೆಣ್ಣಿನ ಬಾಳಿನ ಹಂತಗಳಿಗೆ ಹೆಸರಿಡುವುದರಲ್ಲಿ ನಮ್ಮ ನುಡಿ ಎಂದೂ ಜಿಪುಣತನ ತೋರಿದ್ದಲ್ಲ. ಹುಡುಗಿ ಮೈನೆರೆಯುತ್ತಾಳೆ, ದೊಡ್ಡವಳಾಗುತ್ತಾಳೆ. ಸಂಸ್ಕೃತದ ನಂಟನ್ನು ಬಯಸುವವರಿಗೆ ಆಕೆ ಋತುಮತಿ, ಪುಷ್ಪವತಿ. ತಿಂಗಳು ತಿಂಗಳೂ ಬರುವುದಕ್ಕೆ ಮುಟ್ಟು ಎಂಬ ಒಂದು ಮಾತು ಸಾಲದೆ, ಹೊರಗಾಗುವುದು, ದೂರವಾಗುವುದು ಎಂದು ಸೀಮೆಗೊಂದು ಮರೆಮಾತನ್ನು ಮಾಡಿಕೊಂಡಿದ್ದೇವೆ. ಬಸಿರಿಗೆ ಬಯಕೆಯುಂಟು, ಸೀಮಂತವುಂಟು. ಹೆರಿಗೆಯ ಬೆನ್ನಿಗೆ ಬಾಣಂತನವುಂಟು. ಬಾಣಂತಿಯ ಪಥ್ಯಕ್ಕೆ, ಕಷಾಯಕ್ಕೆ, ಎಣ್ಣೆನೀರಿಗೆ, ಹೊಗೆಗೆ ಒಂದೊಂದು ಕ್ರಮವೂ ಒಂದೊಂದು ಹೆಸರೂ ಉಂಟು. ಇಷ್ಟೆಲ್ಲ ಸಿರಿಯುಳ್ಳ ನುಡಿ ನಲವತ್ತನ್ನು ದಾಟಿದ ಹೆಣ್ಣಿನ ಮುಂದೆ ಬಂದು ನಿಂತಾಗ ಮಾತ್ರ ಇದ್ದಕ್ಕಿದ್ದಂತೆ ಮೂಕವಾಗುತ್ತದೆ. 'ಮುಟ್ಟು ನಿಂತಿತು' ಎಂಬ ಒಂದು ವಾಕ್ಯ ನಮ್ಮಲ್ಲಿದೆ. ನಿಲ್ಲುವುದಕ್ಕೆ ಮುಂಚಿನ ನಾಲ್ಕಾರು ವರ್ಷಗಳಿಗೆ ಮನೆಮಾತಿನಲ್ಲಿ ನಾನು ಕೇಳಿದ ಹೆಸರು ಯಾವುದೂ ಇಲ್ಲ.

ಬಾಲ್ಯವೂ ಯೌವನವೂ ಕೂಡುವ ಎಡೆಯನ್ನು ನಮ್ಮ ಪ್ರಾಚೀನರು ವಯಃಸಂಧಿಯೆಂದು ಕರೆದು, ಅದರ ವರ್ಣನೆಗೆ ಎಷ್ಟೋ ಪದ್ಯಗಳನ್ನು ಮುಡಿಪಾಗಿಟ್ಟರು. ಆ ಸಂಧಿಯಲ್ಲಿ ಮೈ ಮನಗಳೆರಡೂ ತಮ್ಮ ಹಳೆಯ ಅಳತೆಯನ್ನು ಬಿಟ್ಟು ಹೊಸ ಅಳತೆಯನ್ನು ಅರಸುತ್ತವೆ ಎಂಬುದನ್ನು ಅವರು ಚೆನ್ನಾಗಿ ಕಂಡಿದ್ದರು. ಅದೇ ಹೆಣ್ಣು ಮೂವತ್ತು ವರ್ಷಗಳ ತರುವಾಯ ಇನ್ನೊಂದು ಸಂಧಿಯನ್ನು ಹಾಯುತ್ತಾಳೆ. ಆಗಲೂ ಮೈ ಮನಗಳೆರಡೂ ಅಳತೆ ತಪ್ಪುತ್ತವೆ. ಕಾವ್ಯದ ಕಣ್ಣಿಗೆ ಇದು ಅಷ್ಟಾಗಿ ಬೀಳಲಿಲ್ಲವೆಂದರೆ ಅಂಥ ನಷ್ಟವೇನೂ ಇಲ್ಲ. ವೈದ್ಯರ ಕಿವಿಗೂ ಅದು ಬೀಳದೆ ಹೋಗುತ್ತಿದೆಯಲ್ಲ, ಅದು ನಷ್ಟ. ಆ ನಷ್ಟವನ್ನು ಕುರಿತೇ ಇಲ್ಲಿ ನಾಲ್ಕು ಮಾತು ಹೇಳಬೇಕಾಗಿದೆ.

ವೈದ್ಯಶಾಸ್ತ್ರ ಈ ಎರಡನೆಯ ಸಂಧಿಯನ್ನು 'ಪೆರಿಮೆನೋಪಾಸ್' ಎನ್ನುತ್ತದೆ. 'ಪೆರಿ' ಎಂದರೆ ಗ್ರೀಕ್ ಭಾಷೆಯಲ್ಲಿ ಸುತ್ತಮುತ್ತ. ಋತುಬಂಧದ ಆಸುಪಾಸಿನ ಕಾಲ ಎಂದು ಅರ್ಥ. ಹನ್ನೆರಡು ತಿಂಗಳು ಎಡೆಬಿಡದೆ ಮುಟ್ಟಾಗದಿದ್ದರೆ ಋತುಬಂಧವಾಯಿತೆಂದು ಲೆಕ್ಕ. ಆದುದರಿಂದ ಋತುಬಂಧವೆಂಬುದು ವರ್ಷ ಕಳೆದ ಮೇಲೆ ಹಿಂದಿರುಗಿ ನೋಡಿದಾಗ ಗೊತ್ತಾಗುವ ಒಂದು ದಿನ ಮಾತ್ರ. ಅದಕ್ಕೆ ಮುಂಚಿನ ನಾಲ್ಕಾರು ವರ್ಷ, ಕೆಲವರಲ್ಲಿ ಎಂಟು ಹತ್ತು ವರ್ಷ, ಈ ಸಂಧಿಕಾಲ. ಪಾಶ್ಚಾತ್ಯ ದೇಶಗಳಲ್ಲಿ ಋತುಬಂಧದ ಸರಾಸರಿ ವಯಸ್ಸು ೫೧ರ ಸುಮಾರು. ಭಾರತದಲ್ಲಿ ೪೬-೪೭ರ ಸುಮಾರು. ಈ ಲೆಕ್ಕದಂತೆ ನಮ್ಮ ಹೆಣ್ಣುಮಕ್ಕಳಲ್ಲಿ ಸಂಧಿಕಾಲ ನಲವತ್ತರ ಆಚೀಚೆಗೇ ಮೊದಲಾಗುವುದುಂಟು. 'ನನಗಿನ್ನೂ ಅಷ್ಟು ವಯಸ್ಸಾಗಿಲ್ಲವಲ್ಲ' ಎಂದು ನಲವತ್ತೆರಡರ ಗೃಹಿಣಿ ಹೇಳುವಾಗ, ಆ ಮಾತಿನಲ್ಲಿ ಇರುವುದು ಪಶ್ಚಿಮದ ಪಂಚಾಂಗ, ನಮ್ಮದಲ್ಲ.

ಶಾಸ್ತ್ರಗಳೂ ಮೊದಲಿಗೆ ಆದಿ ಅಂತ್ಯಗಳನ್ನು ಗುರುತಿಸಿ ನಡುದಾರಿಯನ್ನು ಬಿಟ್ಟವೆಂದೇ ತೋರುತ್ತದೆ. ರಜಸ್ಸು ಹನ್ನೆರಡಕ್ಕೆ ಮೊದಲಾಗಿ ಐವತ್ತಕ್ಕೆ ಕ್ಷಯಿಸುತ್ತದೆ ಎಂದು ಸುಶ್ರುತ ಸಂಹಿತೆ ಹೇಳುತ್ತದೆ. 'ಮೆನೋಪಾಸ್' ಎಂಬ ಪದವನ್ನು ರೂಢಿಗೆ ತಂದವನು ಗಾರ್ಡಾನ್ ಎಂಬ ಫ್ರೆಂಚ್ ವೈದ್ಯ. ೧೮೧೬ರಲ್ಲಿ ತುಸು ಬೇರೆಯ ರೂಪದಲ್ಲಿ ಅದನ್ನು ಟಂಕಿಸಿ, ೧೮೨೧ರಲ್ಲಿ ಈಗಿನ ರೂಪಕ್ಕೆ ತಿದ್ದಿದನು. ಆ ಪದವೂ ಹೇಳುವುದು ನಿಲುಗಡೆಯನ್ನೇ. ನಿಲುಗಡೆಯವರೆಗಿನ ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಗುರುತಿಸಿ ಒಂದು ಸರ್ವಸಮ್ಮತ ಅಳತೆಯನ್ನು ತಜ್ಞರು ನಿಶ್ಚಯಿಸಿದ್ದು ೨೦೦೧ರಲ್ಲಿ. ಅದನ್ನು ಪರಿಷ್ಕರಿಸಿದ್ದು ೨೦೧೧ರ ಸಭೆಯಲ್ಲಿ. ಆ ಅಳತೆ ತುಂಬ ಸರಳವಾದದ್ದು. ಒಂದು ಮುಟ್ಟಿನ ಚಕ್ರಕ್ಕೂ ಅದರ ಮುಂದಿನದಕ್ಕೂ ಏಳು ದಿನ ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸ ಮತ್ತೆ ಮತ್ತೆ ಕಾಣತೊಡಗಿದರೆ ಸಂಧಿಯ ಮೊದಲ ಘಟ್ಟ. ಅರವತ್ತು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಮುಟ್ಟು ತಡೆದರೆ ಎರಡನೆಯ ಘಟ್ಟ. ಇದನ್ನು ತಿಳಿಯಲು ಯಂತ್ರ ಬೇಕಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರು ಸಾಕು.

ಇಲ್ಲಿ ಆಯುರ್ವೇದದ ಒಂದು ಮಾತು ನೆನಪಿಗೆ ಬರುತ್ತದೆ. ಒಂದು ಋತುವಿನ ಕಡೆಯ ಏಳು ದಿನ, ಮುಂದಿನ ಋತುವಿನ ಮೊದಲ ಏಳು ದಿನ, ಈ ಹದಿನಾಲ್ಕು ದಿನಗಳಿಗೆ ಋತುಸಂಧಿ ಎಂದು ಹೆಸರು. ಆ ದಿನಗಳಲ್ಲಿ ಹಳೆಯ ಋತುವಿನ ಕಟ್ಟಳೆಗಳನ್ನು ಮೆಲ್ಲಮೆಲ್ಲನೆ ಬಿಟ್ಟು ಹೊಸದನ್ನು ಮೆಲ್ಲಮೆಲ್ಲನೆ ಹಿಡಿಯಬೇಕು, ಇಲ್ಲದಿದ್ದರೆ ದೇಹಕ್ಕೆ ಕೇಡು ಎಂದು ಶಾಸ್ತ್ರ ಎಚ್ಚರಿಸುತ್ತದೆ. ಋತುವೆಂಬ ಒಂದೇ ಮಾತು ವಸಂತ ಗ್ರೀಷ್ಮಗಳಿಗೂ ಹೆಣ್ಣಿನ ತಿಂಗಳ ಧರ್ಮಕ್ಕೂ ಸಲ್ಲುತ್ತಿರುವಾಗ, ಋತುಸಂಧಿಯೆಂಬ ಹೆಸರನ್ನು ಈ ವರ್ಷಗಳಿಗೂ ಸಲ್ಲಿಸಿದರೆ ತಪ್ಪಾಗಲಾರದು. ಈ ಲೇಖನದ ಮಟ್ಟಿಗಾದರೂ ಹಾಗೆ ಕರೆಯೋಣ.

ಋತುಸಂಧಿಯಲ್ಲಿ ದೇಹದೊಳಗೆ ನಡೆಯುವುದೇನು? ಅಂಡಾಶಯದಲ್ಲಿ ಅಂಡಗಳ ದಾಸ್ತಾನು ಮುಗಿಯುತ್ತ ಬಂದಿರುತ್ತದೆ. ಹಾಗೆಂದು ಈಸ್ಟ್ರೊಜೆನ್ ಎಂಬ ಚೋದಕರಸ ಬೇಸಗೆಯ ಕೆರೆಯ ನೀರಿನಂತೆ ದಿನಕ್ಕಿಷ್ಟೆಂದು ಇಳಿಯುತ್ತ ಹೋಗುವುದಿಲ್ಲ. ಮಳೆಗಾಲದ ಹಳ್ಳದಂತೆ ಒಮ್ಮೆ ದಡ ಮೀರಿ ಉಕ್ಕುತ್ತದೆ, ಮರುದಿನ ತಳ ಕಾಣುತ್ತದೆ. ಅಂಡ ಬಿಡುಗಡೆಯಾಗದ ತಿಂಗಳಲ್ಲಿ ಅದರ ಜೊತೆಗಾರ ಪ್ರೊಜೆಸ್ಟೆರೋನ್ ಬೇಕಾದಷ್ಟು ಹುಟ್ಟುವುದಿಲ್ಲ. ಗರ್ಭಕೋಶದ ಒಳಪದರ ದಪ್ಪವಾಗಿ ಬೆಳೆದು, ಮುಟ್ಟು ಬಂದಾಗ ರಕ್ತಸ್ರಾವ ಅತಿಯಾಗುತ್ತದೆ. ಈಸ್ಟ್ರೊಜೆನ್ ಕುಸಿದಾಗ ಮಿದುಳಿನಲ್ಲಿ ಮೈಯ ಕಾವನ್ನು ಹತೋಟಿಯಲ್ಲಿಡುವ ಭಾಗ ಗಲಿಬಿಲಿಗೊಂಡು, ಸಣ್ಣ ಏರುಪೇರಿಗೂ ಮೈಯನ್ನು ತಣಿಸಲು ಹೊರಡುತ್ತದೆ. ಎದೆಯಿಂದ ಕೊರಳಿಗೆ, ಕೊರಳಿಂದ ಮುಖಕ್ಕೆ ಝಳ ಏರಿ, ಬೆವರಿ, ಮತ್ತೆ ಚಳಿಯಾಗುವುದು ಈ ಕಾರಣದಿಂದ. ಒಂದೇ ತಿಂಗಳಲ್ಲಿ ಅತಿವೃಷ್ಟಿಯೂ ಅನಾವೃಷ್ಟಿಯೂ ಉಂಟಾಗುವ ಈ ಸೋಜಿಗವನ್ನು ತಿಳಿಯದವರು, 'ನಿನ್ನೆ ಚೆನ್ನಾಗಿದ್ದಳಲ್ಲ, ಇವತ್ತೇನಾಯಿತು?' ಎಂದು ಕೇಳುವುದು ಸಹಜವೇ ಆಗಿದೆ.

ಕಷ್ಟವೆಂದರೆ, ಋತುಸಂಧಿ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ವೇಷ ಹಾಕಿಕೊಂಡು ಬರುತ್ತದೆ. ನನ್ನ ಸಹೋದ್ಯೋಗಿಯೊಬ್ಬರ ವಿಷಯವನ್ನು ಹೇಳುತ್ತೇನೆ. ನಲವತ್ತಾರರ ವಯಸ್ಸು, ಇಪ್ಪತ್ತು ವರ್ಷಗಳ ಅಧ್ಯಾಪನ. ಗದುಗಿನ ಭಾರತದ ಪಾಠ ನಡೆಯುತ್ತಿದ್ದಾಗ, ಇಷ್ಟು ವರ್ಷ ನಾಲಗೆಯ ಮೇಲೆ ನಲಿದಾಡಿದ ಷಟ್ಪದಿಯ ನಡುಸಾಲು ಒಂದು ದಿನ ಬಾರದೆ ನಿಂತಿತು. ಆಕೆ ಪುಸ್ತಕ ನೋಡಿ ಪಾಠ ಮುಗಿಸಿದರು. ಆದರೆ ಅಂದಿನಿಂದ ತರಗತಿಗೆ ಹೋಗುವಾಗ ಕೈ ನಡುಗುವಂತಾಯಿತು. ರಾತ್ರಿ ಮೂರು ಗಂಟೆಗೆ ಎಚ್ಚರ, ಎದೆಯ ಡವಡವ. ಎದೆಬಡಿತಕ್ಕೆ ಹೃದಯದ ವೈದ್ಯರನ್ನು ಕಂಡರು; ಇ.ಸಿ.ಜಿ. ಸರಿಯಾಗಿತ್ತು. ಬೆರಳಿನ ಗಿಣ್ಣುಗಳ ನೋವಿಗೆ ಮೂಳೆಯ ವೈದ್ಯರು ಮಾತ್ರೆ ಕೊಟ್ಟರು. ನಿದ್ದೆಗೆ ಮೂರನೆಯವರು ಗುಳಿಗೆ ಬರೆದರು. ಮರೆವಿಗೆ ನಾಲ್ಕನೆಯವರು 'ಕೆಲಸದ ಒತ್ತಡ, ರಜೆ ಹಾಕಿ' ಎಂದರು. ನಾಲ್ಕು ಕಡತಗಳಾದುವು. ನಾಲ್ವರಲ್ಲಿ ಯಾರೂ ಸುಳ್ಳಾಡಿದವರಲ್ಲ. ಆದರೆ ಮುಟ್ಟಿನ ವಿಷಯವನ್ನು ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಎದೆಬಡಿತಕ್ಕೂ ಮುಟ್ಟಿಗೂ ನಂಟಿದ್ದೀತೆಂದು ಯಾರಿಗೆ ಹೊಳೆದೀತು? ಐದನೆಯವರು, ಒಬ್ಬ ಹಿರಿಯ ವೈದ್ಯೆ, ಕಡತಗಳನ್ನು ಪಕ್ಕಕ್ಕಿಟ್ಟು, 'ತಿಂಗಳು ತಿಂಗಳಿಗೆ ಸರಿಯಾಗಿ ಆಗುತ್ತಿದೆಯೇನಮ್ಮ?' ಎಂದು ಕೇಳಿದರು. ಆ ಒಂದು ಪ್ರಶ್ನೆಗೆ ನಾಲ್ಕು ಕಡತಗಳೂ ಒಂದಾದುವು.

ಹೀಗೆ ವೇಷ ಹಾಕಿ ಬರುವ ಲಕ್ಷಣಗಳನ್ನು ಗುರುತಿಸಿಟ್ಟುಕೊಳ್ಳುವುದು ಒಳ್ಳೆಯದು. ಮುಟ್ಟು ಹತ್ತಿರವಾಗುವುದು, ದೂರವಾಗುವುದು, ಹೆಚ್ಚಾಗುವುದು, ಮೈಗೆ ಝಳ ಹೊಡೆಯುವುದು, ಇರುಳು ಬೆವರುವುದು, ನಿದ್ದೆ ಕೆಡುವುದು, ಕಾರಣವಿಲ್ಲದ ಅಂಜಿಕೆ, ಅಳು, ಸಿಡುಕು, ಮಾತು ಮರೆಯುವುದು, ಓದಿದ್ದು ತಲೆಗೆ ಹತ್ತದಿರುವುದು, ಎದೆ ಡವಗುಟ್ಟುವುದು, ಕೀಲುನೋವು, ಹಿಂದೆ ಇದ್ದ ಅರೆತಲೆನೋವು ಬಲವಾಗುವುದು, ಯೋನಿಯ ಒಣಗುವಿಕೆ, ದಾಂಪತ್ಯದಲ್ಲಿ ನೋವು ಅಥವಾ ನಿರಾಸಕ್ತಿ, ಮೂತ್ರಕ್ಕೆ ಪದೇ ಪದೇ ಅವಸರ. ಇವೆಲ್ಲ ಒಬ್ಬರಿಗೇ ಬರಬೇಕೆಂದಿಲ್ಲ; ಕೆಲವರಿಗೆ ಯಾವುದೂ ಅಷ್ಟಾಗಿ ಬಾಧಿಸದೆ ಕಾಲ ಕಳೆದುಹೋಗುವುದೂ ಉಂಟು. ಮುಟ್ಟು ಇನ್ನೂ ಕ್ರಮವಾಗಿ ಬರುತ್ತಿರುವಾಗಲೇ ಮನಸ್ಸು, ನಿದ್ದೆಗಳು ಮೊದಲು ಕೆಡುವುದೂ ಉಂಟು. 'ಸ್ವಲ್ಪ ದಿನ ತಡೆದುಕೊಳ್ಳಿ' ಎಂಬ ಉಪದೇಶವಂತೂ ಲೆಕ್ಕಕ್ಕೆ ನಿಲ್ಲುವುದಲ್ಲ. ಅಮೆರಿಕದಲ್ಲಿ ಹಲವು ಜನಾಂಗಗಳ ಹೆಂಗಸರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ನಡೆಸಿದ 'ಸ್ವಾನ್' ಎಂಬ ಅಧ್ಯಯನದ ೨೦೧೫ರ ಫಲಿತಾಂಶದಂತೆ, ಪದೇ ಪದೇ ಝಳ ಬರುತ್ತಿದ್ದವರಲ್ಲಿ ಅದು ಕಾಡಿದ ಕಾಲದ ಮಧ್ಯಮ ಪ್ರಮಾಣ ೭.೪ ವರ್ಷ. ಏಳು ವರ್ಷಗಳೆಂದರೆ ಮಗು ಹುಟ್ಟಿ ಶಾಲೆ ಸೇರಿ ಅಕ್ಷರ ಕಲಿಯುವಷ್ಟು ಕಾಲ.

ಮೈಯ ಅನುಭವಕ್ಕೂ ನುಡಿಗೂ ಇರುವ ನಂಟು ಎಷ್ಟು ಗಾಢವಾದದ್ದೆಂಬುದಕ್ಕೆ ಜಪಾನಿನ ಉದಾಹರಣೆ ಸ್ವಾರಸ್ಯವಾಗಿದೆ. ಜಪಾನೀಯರು ಈ ವಯಸ್ಸನ್ನು 'ಕೋನೆಂಕಿ' ಎನ್ನುತ್ತಾರೆ. ಬದಲಾವಣೆಯ ಅಥವಾ ನವೀಕರಣದ ವರ್ಷಗಳ ಕಾಲ ಎಂಬ ಧ್ವನಿ ಆ ಪದದ ಅಕ್ಷರಗಳಲ್ಲಿದೆ. ಮಾರ್ಗರೆಟ್ ಲಾಕ್ ಎಂಬ ಮಾನವಶಾಸ್ತ್ರಜ್ಞೆ ಅಲ್ಲಿನ ಹೆಂಗಸರನ್ನು ಮಾತಾಡಿಸಿ ೧೯೯೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಸಂಗತಿಯನ್ನು ತೋರಿಸಿದರು. ಅಮೆರಿಕದವರಿಗೆ ಋತುಬಂಧವೆಂದೊಡನೆ ನೆನಪಾಗುವ ಮೈಝಳಕ್ಕೆ ಜಪಾನೀ ನುಡಿಯಲ್ಲಿ ಪ್ರತ್ಯೇಕವಾದ ಒಂದೇ ಪದವಿರಲಿಲ್ಲ; ಅಲ್ಲಿನ ಹೆಂಗಸರು ಅದನ್ನು ಹೇಳಿಕೊಂಡದ್ದೂ ಕಡಿಮೆ. ಅವರು ಹೆಚ್ಚಾಗಿ ಹೇಳಿದ್ದು ಭುಜದ ಬಿಗಿತವನ್ನು, ತಲೆನೋವನ್ನು. ಆಹಾರ ಜೀವನಕ್ರಮಗಳ ಪಾತ್ರವೂ ಇದರಲ್ಲಿ ಇದ್ದೀತು. ಆದರೂ ಇದರಿಂದ ಒಂದು ಪಾಠವನ್ನು ಕಲಿಯಬಹುದು. ಹೆಂಗಸು ವೈದ್ಯರ ಮುಂದೆ ಹೇಳುವುದು ತನ್ನ ನುಡಿಯಲ್ಲಿ ಪದವಿರುವ ನೋವನ್ನು. ವೈದ್ಯರು ಕೇಳಿಸಿಕೊಳ್ಳುವುದು ತಮ್ಮ ಗ್ರಂಥದಲ್ಲಿ ಪದವಿರುವ ನೋವನ್ನು. ಈ ಎರಡು ಕೋಶಗಳೂ ಬೇರೆಬೇರೆಯಾದಾಗ ನೋವು ನಡುವೆ ಬಿದ್ದುಹೋಗುತ್ತದೆ.

ನಮ್ಮಲ್ಲಿ ಅದು ಹೇಗೆ ಬಿದ್ದುಹೋಗುತ್ತದೆಂಬುದನ್ನು ಯಾವ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕುಳಿತರೂ ಕಾಣಬಹುದು.

'ಏನಾಗುತ್ತಮ್ಮಾ?'

'ಏನೋ ಸುಸ್ತು ಡಾಕ್ಟರೆ. ಕೈಲಾಗೋದೇ ಇಲ್ಲ.'

'ಊಟ ಸರಿಯಾಗಿ ಮಾಡಲ್ಲ ಡಾಕ್ಟರೆ, ಮನೇಲಿ ಎಲ್ಲಾದಕ್ಕೂ ಸಿಡಿಮಿಡಿ' ಎಂದು ಪಕ್ಕದಲ್ಲಿ ನಿಂತ ಯಜಮಾನರು ಸೇರಿಸುತ್ತಾರೆ.

'ವಯಸ್ಸಾಯ್ತಲ್ಲಮ್ಮಾ, ಹೀಗೆಲ್ಲ ಇರುತ್ತೆ. ಯೋಚನೆ ಮಾಡಬೇಡಿ. ವಿಟಮಿನ್ ಬರೆದುಕೊಟ್ಟಿದೀನಿ.'

ಇಷ್ಟರಲ್ಲಿ ಮುಂದಿನ ಸಂಖ್ಯೆಯನ್ನು ಕೂಗಿ ಆಗಿರುತ್ತದೆ. ಮೂವರೂ ಆಡಿದ್ದು ನಿಜ. ಆದರೆ ಏನನ್ನೂ ಹೇಳಿದಂತಾಗಲಿಲ್ಲ. 'ಸುಸ್ತು' ಎಂಬುದು ನಮ್ಮ ಹೆಂಗಸರು ಕಟ್ಟಿಕೊಂಡಿರುವ ಒಂದು ದೊಡ್ಡ ಸಮಾಸ. ಅದರೊಳಗೆ ನಿದ್ದೆಗೆಟ್ಟ ಇರುಳೂ, ಅತಿಸ್ರಾವದಿಂದ ಬತ್ತಿದ ನೆತ್ತರೂ, ಹೇಳಲಾರದ ಅಂಜಿಕೆಯೂ, ಗಂಡನಿಗೂ ತಿಳಿಸದ ನೋವೂ ಅಡಗಿಕೊಂಡಿರುತ್ತವೆ. ತರಗತಿಯಲ್ಲಿ ನಾವು ವಿದ್ಯಾರ್ಥಿಗಳಿಗೆ, 'ಸಮಾಸವನ್ನು ಬಿಡಿಸಿ ವಿಗ್ರಹವಾಕ್ಯ ಹೇಳಿ' ಎನ್ನುತ್ತೇವಲ್ಲವೆ? ವೈದ್ಯರ ಕೊಠಡಿಯಲ್ಲಿ ಹೆಂಗಸಿಗೆ ಬೇಕಾದ ವಿದ್ಯೆಯೂ ಅದೇ. ಮುಟ್ಟಿನ ಮಾತನ್ನು ಗಂಡಸರೆದುರು ಆಡಬಾರದೆಂದು ನಲವತ್ತು ವರ್ಷ ಕಲಿತವಳು ಎರಡು ನಿಮಿಷದಲ್ಲಿ ಆ ಸಮಾಸವನ್ನು ಬಿಡಿಸಲಾರಳು. ಆದ್ದರಿಂದ ಅದನ್ನು ಮನೆಯಲ್ಲಿಯೇ ಬಿಡಿಸಿಕೊಂಡು ಹೋಗಬೇಕು.

ಈ ವಿಷಯದಲ್ಲಿ ಹೇಳಿಕೆಗೆ ಇಷ್ಟು ಪ್ರಾಶಸ್ತ್ಯವೇಕೆಂದು ಕೆಲವರು ಕೇಳಬಹುದು. ರಕ್ತ ಪರೀಕ್ಷೆ ಮಾಡಿಸಿದರೆ ತಿಳಿಯುವುದಿಲ್ಲವೆ? ತಿಳಿಯುವುದಿಲ್ಲವೆಂಬುದೇ ಇಲ್ಲಿನ ಮುಖ್ಯ ಸಂಗತಿ. ದಿನದಿನಕ್ಕೂ ಏರಿಳಿಯುವ ಚೋದಕರಸವನ್ನು ಒಂದು ಬೆಳಗ್ಗೆ ಅಳೆದರೆ ಆ ಬೆಳಗಿನ ಲೆಕ್ಕ ಸಿಕ್ಕೀತೇ ಹೊರತು ಈ ವರ್ಷದ ಲೆಕ್ಕ ಸಿಕ್ಕದು. ಬ್ರಿಟನ್ನಿನ 'ನೈಸ್' ಸಂಸ್ಥೆ ೨೦೧೫ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ನಲವತ್ತೈದು ದಾಟಿದ, ಬೇರೆ ವಿಧದಲ್ಲಿ ಆರೋಗ್ಯವಾಗಿರುವ ಹೆಂಗಸಿನಲ್ಲಿ ಅಕ್ರಮವಾದ ಮುಟ್ಟೂ ಮೈಝಳವೂ ಇದ್ದರೆ, ಋತುಸಂಧಿಯೆಂದು ಗುರುತಿಸಲು ಪ್ರಯೋಗಾಲಯದ ಪರೀಕ್ಷೆ ಬೇಕಿಲ್ಲ, ಎಫ್.ಎಸ್.ಎಚ್. ಎಂಬ ರಕ್ತಪರೀಕ್ಷೆಯನ್ನು ಆ ವಯಸ್ಸಿನಲ್ಲಿ ಇದಕ್ಕಾಗಿ ಬಳಸಕೂಡದು. ಎಂದರೆ, ಹೆಂಗಸು ಹೇಳುವ ಕಥೆಯೇ ಇಲ್ಲಿ ಪರೀಕ್ಷೆ. ವೈದ್ಯರು ಅದನ್ನು ಕೇಳಲಿಲ್ಲವೆಂದರೆ ಮಾಡಬೇಕಾದ ಪರೀಕ್ಷೆಯನ್ನೇ ಮಾಡಲಿಲ್ಲವೆಂದು ಅರ್ಥ. ನಲವತ್ತಕ್ಕೆ ಮುಂಚೆಯೇ ಮುಟ್ಟು ತಪ್ಪತೊಡಗಿದರೆ ಮಾತ್ರ ಸಂಗತಿ ಬೇರೆ. ಅಲ್ಲಿ ರಕ್ತಪರೀಕ್ಷೆಯೂ ಬೇಕು, ಮೂಳೆ ಹೃದಯಗಳ ರಕ್ಷಣೆಗಾಗಿ ಚಿಕಿತ್ಸೆಯೂ ಬೇಕು.

ಹಾಗಾದರೆ ಹೇಳುವುದು ಹೇಗೆ? ನಮ್ಮ ಮನೆಗಳಲ್ಲಿ ಹಾಲಿನ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವುದು ರೂಢಿ. ಎಷ್ಟೋ ವರ್ಷಗಳಿಂದ ಪಾವು ಲೀಟರನ್ನೂ ತಪ್ಪದೆ ಬರೆದ ಕೈ, ಅದೇ ಚೌಕದ ಮೂಲೆಯಲ್ಲಿ ತನ್ನದೊಂದು ಗುರುತನ್ನೂ ಹಾಕಬಲ್ಲುದು. ಮುಟ್ಟು ಮೊದಲಾದ ದಿನ, ನಿಂತ ದಿನ. ಸ್ರಾವ ಹೆಚ್ಚಿದ ದಿನ ಎಷ್ಟು ಸಲ ಬಟ್ಟೆಯನ್ನೋ ಪ್ಯಾಡನ್ನೋ ಬದಲಿಸಬೇಕಾಯಿತು. ಬೆವರಿ ಎದ್ದ ಇರುಳುಗಳು. ಎದೆ ಡವಗುಟ್ಟಿದ ಹೊತ್ತು. ಕಾರಣವಿಲ್ಲದೆ ಅತ್ತ ದಿನ. ಮೂರು ತಿಂಗಳು ಹೀಗೆ ಬರೆದರೆ ಅಕ್ರಮದಲ್ಲೂ ಒಂದು ಕ್ರಮ ಕಾಣಿಸುತ್ತದೆ. ಆ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು, ಕುಳಿತ ಕೂಡಲೆ ವೈದ್ಯರಿಗೆ ಹೀಗೆ ಹೇಳಬಹುದು: 'ನನಗೆ ನಲವತ್ತಾರು. ಆರು ತಿಂಗಳಿಂದ ಮುಟ್ಟು ಒಮ್ಮೆ ಇಪ್ಪತ್ತೆರಡು ದಿನಕ್ಕೆ, ಒಮ್ಮೆ ನಲವತ್ತು ದಿನಕ್ಕೆ ಆಗುತ್ತಿದೆ. ವಾರಕ್ಕೆ ನಾಲ್ಕು ರಾತ್ರಿ ಬೆವರಿ ಏಳುತ್ತೇನೆ. ಕೆಲಸದಲ್ಲಿ ಮಾತು ಮರೆಯುತ್ತಿದೆ. ಇದು ಪೆರಿಮೆನೋಪಾಸ್ ಇರಬಹುದೆ? ಅಲ್ಲವೆನ್ನುವುದಾದರೆ ಏತರಿಂದ ಅಲ್ಲ?' ಕಡೆಯ ಪ್ರಶ್ನೆ ಮುಖ್ಯವಾದದ್ದು. 'ವಯಸ್ಸಾಯಿತು' ಎಂಬುದು ಉತ್ತರವಾಗದಂತೆ ಅದು ಬಾಗಿಲನ್ನು ಕಾಯುತ್ತದೆ.

ಇನ್ನೂ ಕೆಲವು ಎಚ್ಚರಗಳುಂಟು. ಜೊತೆಗೆ ಬಂದವರು ಪ್ರೀತಿಯಿಂದಲೇ ಬಂದಿರಬಹುದು. ಆದರೂ ಮೊದಲ ಮಾತು ನೋವುಂಡವಳದೇ ಆಗಿರಲಿ. ಒಳಗಿನ ವಿಷಯವನ್ನು ಹೇಳಬೇಕಾದಾಗ, 'ಸ್ವಲ್ಪ ಹೊರಗೆ ಇರಿ' ಎಂದು ಅವರಿಗೆ ಹೇಳುವ ಹಕ್ಕು ಆಕೆಗುಂಟು. ಬಾಯಲ್ಲಿ ಹೇಳಲು ಸಂಕೋಚವಾದರೆ ಬರೆದ ಚೀಟಿಯನ್ನೇ ಮುಂದಿಡಬಹುದು. ಒಬ್ಬ ವೈದ್ಯರು ಕಿವಿಗೊಡದಿದ್ದರೆ ಇನ್ನೊಬ್ಬರನ್ನು ಕಾಣುವುದು ಅವರಿಗೆ ಮಾಡುವ ಅವಮಾನವೇನಲ್ಲ. ನಾಲ್ಕು ಬಗೆಯ ಅಕ್ಕಿಯನ್ನು ಕೈಗೆ ಹಾಕಿಕೊಂಡು ನೋಡಿಯೇ ಕೊಳ್ಳುವವರು ನಾವು. ಮೈಯ ವಿಷಯದಲ್ಲಿ ಮಾತ್ರ ಮೊದಲ ಅಂಗಡಿಯ ಮಾತಿಗೇ ತಲೆಬಾಗುವುದೇಕೆ?

ಹಾಗೆಂದು ನಲವತ್ತೈದರ ಹೆಣ್ಣಿನ ಎಲ್ಲ ನೋವಿಗೂ ಋತುಸಂಧಿಯ ಹೆಸರನ್ನು ಅಂಟಿಸುವುದೂ ಸಲ್ಲದು. ಥೈರಾಯಿಡ್ ಗ್ರಂಥಿಯ ದೋಷವೂ ಇದೇ ವಯಸ್ಸಿನಲ್ಲಿ ಇದೇ ವೇಷದಲ್ಲಿ ಬರುತ್ತದೆ. ರಕ್ತಹೀನತೆಯ ಮಾತಂತೂ ಹೇಳಬೇಕಾಗಿಲ್ಲ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ೧೫ರಿಂದ ೪೯ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ೫೭ ಮಂದಿ ರಕ್ತಹೀನರು. ಮಧುಮೇಹ, ಬಿ-೧೨ ಜೀವಸತ್ತ್ವದ ಕೊರತೆ, ನಿಜವಾದ ಖಿನ್ನತೆ, ಇವನ್ನೂ ವೈದ್ಯರು ನೋಡಬೇಕು, ಅವಕ್ಕೆ ಪರೀಕ್ಷೆಗಳಿವೆ. ಮುಟ್ಟು ತಡೆದಾಗ ಬಸಿರಿರಬಹುದೆಂಬುದನ್ನೂ ಮರೆಯಬಾರದು. ಋತುಸಂಧಿಯಲ್ಲಿ ಗರ್ಭ ನಿಲ್ಲುವ ಸಂಭವ ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಇನ್ನು ಕೆಲವು ಸಂಗತಿಗಳಲ್ಲಿ ತಡಮಾಡಲೇಬಾರದು. ಗಂಟೆಗೊಂದು ಪ್ಯಾಡು ತೋಯುವಷ್ಟು ಸ್ರಾವ, ಎರಡು ಮುಟ್ಟಿನ ನಡುವೆ ಅಥವಾ ಕೂಟದ ಅನಂತರ ರಕ್ತ ಕಾಣುವುದು, ಎಲ್ಲಕ್ಕಿಂತ ಮಿಗಿಲಾಗಿ ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ತೊಟ್ಟಾದರೂ ರಕ್ತ ಕಾಣುವುದು, ಇವನ್ನು ಕೂಡಲೆ ವೈದ್ಯರಿಗೆ ತೋರಿಸಬೇಕು. ಕ್ಯಾನ್ಸರ್ ಇಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕಾದ ಸಂದರ್ಭಗಳಿವು.

ಕೇಳಿಸಿಕೊಳ್ಳದಿದ್ದರೆ ಆಗುವ ಅನಾಹುತ ಎರಡು ಬಗೆಯದು. ಪಟ್ಟಣದ ಓದಿದ ಹೆಂಗಸಿಗೆ 'ಮನಸ್ಸಿನ ಭ್ರಮೆ' ಎಂಬ ಪಟ್ಟ ಸಿಕ್ಕುತ್ತದೆ. ಹಳ್ಳಿಯ ಬಡ ಹೆಂಗಸಿಗೆ ಇದಕ್ಕಿಂತ ಕ್ರೂರವಾದದ್ದು ಕಾದಿರುತ್ತದೆ: ಸ್ರಾವ ಹೆಚ್ಚಾಯಿತೆಂದು ಹೋದವಳ ಗರ್ಭಕೋಶವನ್ನೇ ತೆಗೆದುಬಿಡುವುದು. ನಮ್ಮ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಹಾಗೆ ಶಸ್ತ್ರಚಿಕಿತ್ಸೆಗೊಳಗಾದ ಹೆಣ್ಣುಮಕ್ಕಳ ದೂರು ಸುಮಾರು ೨೦೧೫ರಲ್ಲಿ ನಾಡಿನ ಗಮನಕ್ಕೆ ಬಂದಿತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಕಥೆ ೨೦೧೯ರಲ್ಲಿ ದೇಶಕ್ಕೆಲ್ಲ ತಿಳಿಯಿತು. ಅನಾವಶ್ಯಕವಾದ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಸರ್ಕಾರ ೨೦೨೨ರಲ್ಲಿ ಮಾರ್ಗಸೂಚಿ ಹೊರಡಿಸಿತು. ಮೂರು ತಿಂಗಳೊಳಗೆ ಅದನ್ನು ಅಳವಡಿಸಿಕೊಳ್ಳಬೇಕೆಂದು ೨೦೨೩ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ರಾಜ್ಯಗಳಿಗೆ ಆದೇಶವಿತ್ತಿತು. ಅತಿಸ್ರಾವಕ್ಕೆ ಮಾತ್ರೆಗಳುಂಟು, ಗರ್ಭಕೋಶದೊಳಗೆ ಇರಿಸುವ ಚೋದಕರಸದ ಸಾಧನವುಂಟು. ಶಸ್ತ್ರಚಿಕಿತ್ಸೆ ನಿಜವಾಗಿ ಬೇಕಾಗುವ ಪ್ರಸಂಗಗಳೂ ಉಂಟು. ಆದರೆ, 'ಇದಲ್ಲದೆ ಬೇರೆ ದಾರಿ ಏನಿದೆ? ಅಂಡಾಶಯಗಳನ್ನೂ ತೆಗೆಯುತ್ತೀರಾ?' ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಪಡೆಯದೆ ಯಾವ ಹೆಂಗಸೂ ಹೆಬ್ಬೆಟ್ಟನ್ನಾಗಲಿ ರುಜುವನ್ನಾಗಲಿ ಹಾಕಬಾರದು. ಅಂಡಾಶಯಗಳನ್ನೂ ತೆಗೆದರೆ ಋತುಸಂಧಿಯ ಮೆಟ್ಟಿಲುಗಳೇ ಇಲ್ಲ. ಒಂದೇ ರಾತ್ರಿಯಲ್ಲಿ ಮಹಡಿಯಿಂದ ನೆಲಕ್ಕೆ ಬಿದ್ದಂತೆ.

ಚಿಕಿತ್ಸೆಯ ವಿಷಯದಲ್ಲಿಯೂ ಒಂದು ಭಯ ನಮ್ಮಲ್ಲಿ ನೆಲೆಯೂರಿದೆ. ೨೦೦೨ರಲ್ಲಿ ಅಮೆರಿಕದ 'ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್' ಎಂಬ ದೊಡ್ಡ ಪ್ರಯೋಗದ ಒಂದು ಭಾಗವನ್ನು ನಡುವೆಯೇ ನಿಲ್ಲಿಸಲಾಯಿತು. ಎರಡು ಚೋದಕರಸಗಳನ್ನು ಕೂಡಿಸಿ ಕೊಟ್ಟಾಗ ಸ್ತನದ ಕ್ಯಾನ್ಸರ್, ಪಾರ್ಶ್ವವಾಯು ಮೊದಲಾದುವುಗಳ ಅಪಾಯ ಹೆಚ್ಚಿದ್ದು ಕಂಡಿತು. ಸುದ್ದಿ ಹಬ್ಬಿದೊಡನೆ ಲೋಕದಲ್ಲೆಲ್ಲ ವೈದ್ಯರು ಬರೆಯುವುದನ್ನೂ ಹೆಂಗಸರು ಸೇವಿಸುವುದನ್ನೂ ಬಿಟ್ಟರು. ಆ ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸು ೬೩ ಎಂಬುದು ಗದ್ದಲದಲ್ಲಿ ಮರೆತುಹೋಯಿತು. ಅರವತ್ತಕ್ಕೆ ಕಡಿಮೆ ವಯಸ್ಸಿನ, ಋತುಬಂಧವಾಗಿ ಹತ್ತು ವರ್ಷ ಕಳೆಯದ, ಬೇರೆ ಅಡ್ಡಿಯಿಲ್ಲದ ಹೆಂಗಸಿಗೆ ಬಾಧೆ ತೀವ್ರವಾಗಿದ್ದರೆ, ಸಾಮಾನ್ಯವಾಗಿ 'ಅಪಾಯಕ್ಕಿಂತ ಪ್ರಯೋಜನ ಹೆಚ್ಚು' ಎಂಬುದು ತಜ್ಞರ ಇಂದಿನ ಅಭಿಪ್ರಾಯ. ಗರ್ಭಕೋಶವಿರುವವರಿಗೆ ಈಸ್ಟ್ರೊಜೆನ್ ಒಂದನ್ನೇ ಕೊಡದೆ ಅದರ ಜೊತೆಗಾರನನ್ನೂ ಕೊಡಬೇಕು. ಸ್ತನದ ಕ್ಯಾನ್ಸರ್ ಆಗಿದ್ದವರು, ರಕ್ತ ಹೆಪ್ಪುಗಟ್ಟುವ ತೊಂದರೆಯಿದ್ದವರು, ಕಾರಣ ತಿಳಿಯದ ರಕ್ತಸ್ರಾವವಿರುವವರು ಇದರಿಂದ ದೂರವಿರಬೇಕಾಗುತ್ತದೆ; ಅಂಥವರಿಗೆ ಚೋದಕರಸವಿಲ್ಲದ ಔಷಧಗಳೂ ಉಂಟು. ಆಯ್ಕೆ ಇರುವುದೆಂಬುದನ್ನು ತಿಳಿಸಿ, ಅಪಾಯ ಪ್ರಯೋಜನಗಳನ್ನು ತೂಗಿ ತೋರಿಸಿ, ನಿರ್ಧಾರವನ್ನು ಆಕೆಗೆ ಬಿಡುವುದು ವೈದ್ಯಧರ್ಮ.

ವೈದ್ಯರನ್ನು ದೂರುವುದಷ್ಟೇ ಈ ಬರಹದ ಉದ್ದೇಶವೆಂದು ಯಾರೂ ಭಾವಿಸಬಾರದು. ಸಾಲು ಉದ್ದವಾಗಿರುವಾಗ ಅವರ ಹೊತ್ತೂ ಚಿಕ್ಕದು. ಅವರನ್ನು ಬೇಡುವುದು ಒಂದೇ ಪ್ರಶ್ನೆ: ನಲವತ್ತು ದಾಟಿದ ಹೆಂಗಸು ಯಾವ ನೋವನ್ನು ಹೇಳಿಕೊಂಡು ಬಂದರೂ, 'ಮುಟ್ಟು ಹೇಗಿದೆ?' ಎಂದು ಒಮ್ಮೆ ಕೇಳಲಿ. ಬರೆಹಗಾರರ ಹೊಣೆಯೂ ಇದೆ. ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನ ಅವರು ಹುಡುಗಿಗೆ 'ಕೇಳು ಕಿಶೋರಿ'ಯನ್ನೂ, ಮದುವಣಗಿತ್ತಿಗೆ 'ವಧುವಿಗೆ ಕಿವಿಮಾತು' ಎಂಬುದನ್ನೂ, ತಾಯಿಗೆ 'ತಾಯಿ ಮಗು'ವನ್ನೂ ಕನ್ನಡದಲ್ಲಿ ಬರೆದುಕೊಟ್ಟರು. ತ್ರಿವೇಣಿಯವರು 'ಶರಪಂಜರ'ದಲ್ಲಿ ಹೆರಿಗೆಯ ಅನಂತರ ಮನಸ್ಸು ಕೆಟ್ಟು, ವಾಸಿಯಾದ ಮೇಲೂ ಮನೆಯವರ ನಂಬಿಕೆಯನ್ನು ಮರಳಿ ಪಡೆಯಲಾರದ ಹೆಣ್ಣನ್ನು ಕಣ್ಣ ಮುಂದೆ ನಿಲ್ಲಿಸಿದರು. ನಲವತ್ತೈದರ ಹೆಣ್ಣಿಗೂ ಅಂಥ ಕಿವಿಮಾತು, ಅಂಥ ಕಥೆ ಇನ್ನೂ ಹಲವು ಬೇಕಾಗಿವೆ.

ಕಡೆಯದಾಗಿ, ನಮ್ಮ ಮನೆಗಳ ಒಳಗೇ ಒಮ್ಮೆ ನೋಡಬೇಕು. ತಾಯಿಗೆ ನಲವತ್ಮೂರು, ಮಗಳಿಗೆ ಹದಿಮೂರು ಆಗಿರುವ ಮನೆಗಳು ಎಷ್ಟಿಲ್ಲ! ಒಂದೇ ಸೂರಿನಡಿ ಎರಡು ವಯಃಸಂಧಿಗಳು. ಮಗಳಿಗೆ ಆರತಿ, ಹೊಸ ಬಟ್ಟೆ, ಕೊಬ್ಬರಿ, ಚಿಗಳಿ. ಅವಳು ಸಿಡುಕಿದರೆ, 'ವಯಸ್ಸು, ಸುಮ್ಮನಿರಿ' ಎಂಬ ಅನುಕಂಪ. ಅಡಿಗೆಮನೆಯಲ್ಲಿ ಒಗ್ಗರಣೆಯ ಮುಂದೆ ನಿಂತು ಬೆವರು ಒರಸಿಕೊಳ್ಳುವ ತಾಯಿ ಸಿಡುಕಿದರೆ, 'ನಿನಗೇನಾಗಿದೆ?' ಎಂಬ ಗದರಿಕೆ. ಮಾತು ಎರಡೂ ವಯಸ್ಸಿನದೇ ಆದರೂ ದನಿ ಬೇರೆಯಾಯಿತು. ಆಕೆಗೆ ಆರತಿ ಬೇಡ. ಒಂದು ಕುರ್ಚಿ ಎಳೆದು ಕೂರಿಸಿ, 'ನಿನಗೇನಾಗಿದೆ?' ಎಂಬ ಅದೇ ಪ್ರಶ್ನೆಯನ್ನು ಉತ್ತರ ಬೇಕೆಂಬ ದನಿಯಲ್ಲಿ ಕೇಳಿದರೆ ಸಾಕು. ವೈದ್ಯರೆದುರು ಹೇಳಬೇಕಾದ ಮಾತಿನ ಅಭ್ಯಾಸ ಅಲ್ಲಿಂದಲೇ ಮೊದಲಾಗುತ್ತದೆ.